ಹುಲಿಗೆಪ್ಪ ಸೈಕಲ್ ಇಳಿದ ಊರು

ನಮ್ಮ ಮೇಲಿನ ಮನೆಗೆ ಬಾಡಿಗೆಗೆ ಬಂದಿರುವವನು ಬ್ಯಾಂಕಿನಲ್ಲಿ ಕೆಲಸ ಮಾಡುವ ತರುಣ. ಅವನ ಸೈಕಲ್ಲು ಮೆಟ್ಟಿಲ ಕೆಳಗೆ ನಿಲ್ಲುತ್ತದೆ. ಮೊನ್ನೆ ಭಾನುವಾರ ಸಂಜೆ ಅದು ಮೈತುಂಬ ಕೆಸರು ಮೆತ್ತಿಕೊಂಡು ನಿಂತಿತ್ತು. ಹಾಲು ತರಲು ಇಳಿದ ನನಗೆ ಹಸಿ ಎರೆಮಣ್ಣು, ಚೈನಿನ ಎಣ್ಣೆ, ಕಾದ ರಬ್ಬರು ಮೂರೂ ಸೇರಿದ ವಾಸನೆ ಬಡಿಯಿತು. ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತೆ.

"ರಿಲೇ ರೇಸ್ ಇತ್ತು ಸರ್, ದಿನಪೂರ್ತಿ. ಗುಡ್ಡದ ದಾರಿ. ನಾವು ನಾಲ್ಕು ಜನ," ಎಂದು ಅವನು ಹೇಳಿದ. ರಿಲೇ ಎಂದರೇನು ಎಂಬುದನ್ನೂ ತಾಳ್ಮೆಯಿಂದ ವಿವರಿಸಿದ. ನಾನೂ ಒಂದು ಕಾಲಕ್ಕೆ ಅಂಥದ್ದರಲ್ಲಿ ಸೈಕಲ್ ತುಳಿದವನು ಎಂದು ಹೇಳಲಿಲ್ಲ. ಹೇಳಿದ್ದರೆ ಅವನು ಮೊದಲು ನನ್ನ ಹೊಟ್ಟೆ ನೋಡುತ್ತಿದ್ದ, ಆಮೇಲೆ ಮರ್ಯಾದೆಗೆ "ಹೌದಾ ಸರ್" ಎನ್ನುತ್ತಿದ್ದ. ನೀವು ನನ್ನನ್ನು ಕಂಡಿಲ್ಲವಾದ್ದರಿಂದ ನಿಮಗೆ ಹೇಳಬಹುದು.

ಎಂಬತ್ತರ ದಶಕ ಆಗಷ್ಟೇ ಹಿಡಿದಿತ್ತು. ಗುಡ್ಡಕ್ಕೊಂದು ಸೈಕಲ್, ರಸ್ತೆಗೊಂದು ಸೈಕಲ್ ಎಂಬುದು ನಮಗೆ ಗೊತ್ತಿರಲಿಲ್ಲ. ಗುಡ್ಡ ಹತ್ತಿದರೂ, ಹಳ್ಳಕ್ಕೆ ಇಳಿದರೂ, ಜೋಳದ ಚೀಲ ಹೇರಿದರೂ ಅದೇ ಕರಿ ಸೈಕಲ್ಲು. ತೂಕದಲ್ಲೂ ಸ್ವಭಾವದಲ್ಲೂ ಎಮ್ಮೆಯೇ. ಒಂದು ಯುವಕ ಸಂಘದವರು ಅಂಥ ಸೈಕಲ್ಲುಗಳ ಪಂದ್ಯ ಇಟ್ಟಿದ್ದರು. ರಾಯಚೂರಿನ ಕೋಟೆಯ ಬುಡದಿಂದ ಹೊರಟು ಮಾನ್ವಿ, ಅಲ್ಲಿಂದ ಬಂಡಿದಾರಿ ಹಿಡಿದು ದೇವದುರ್ಗ, ದೇವದುರ್ಗದಿಂದ ಗಬ್ಬೂರಿನ ಮೇಲೆ ಮರಳಿ ರಾಯಚೂರು. ಬೆಳಕು ಹರಿದಾಗ ಹೊರಟರೆ ಹೊತ್ತು ಮುಳುಗುವುದರೊಳಗೆ ಮುಟ್ಟಬೇಕು. ತಂಡಕ್ಕೆ ಮೂರು ಜನ, ಸೈಕಲ್ ಮಾತ್ರ ಒಂದೇ. ಓಟದ ರಿಲೇಯಲ್ಲಿ ಕೈಯಿಂದ ಕೈಗೆ ಕೋಲು ಹೋಗುತ್ತದಲ್ಲ, ಇಲ್ಲಿ ಸೈಕಲ್ಲೇ ಹೋಗಬೇಕು. ಗೆದ್ದ ತಂಡವನ್ನು ಗುಲ್ಬರ್ಗದ ದೊಡ್ಡ ಪಂದ್ಯಕ್ಕೆ ಕಳಿಸುವುದಾಗಿ ಹೇಳಿದ್ದರು.

ನಮ್ಮ ಮೂವರಲ್ಲಿ ಖಾಜಾನ ತಂದೆಗೆ ಬಾಡಿಗೆ ಸೈಕಲ್ ಅಂಗಡಿ ಇತ್ತು. ಹೀಗಾಗಿ ಸೈಕಲ್ ಅವನದು. ಕಾಲು ಹುಲಿಗೆಪ್ಪನವು. ನನ್ನದು ಏನಿತ್ತು ಎಂದು ಈಗಲೂ ಯೋಚಿಸುತ್ತೇನೆ. ಮೂರನೆಯವನೊಬ್ಬ ಬೇಕಿತ್ತು, ನಾನು ಕಾಲೇಜಿನಲ್ಲಿ ಅವರ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದೆ. ಹುಲಿಗೆಪ್ಪ ಎತ್ತರದ ಆಳು, ನಾನು ಗಿಡ್ಡ, ಖಾಜಾ ನಡುವೆ. ಸೀಟು ಎಷ್ಟು ಏರಿಸಬೇಕು ಎಂದು ಖಾಜಾ ಅದರ ಕೊಳವೆಗೆ ಮೂರು ಕಡೆ ಕೆಂಪು ಬಣ್ಣದ ಗೆರೆ ಎಳೆದಿದ್ದ. ತನ್ನ ಗೆರೆ ಮತ್ತು ನನ್ನ ಗೆರೆಯ ನಡುವಿನ ದೂರ ಕಂಡು ಹುಲಿಗೆಪ್ಪ, "ಇಷ್ಟರಾಗ ಇನ್ನೊಬ್ಬ ಕೂಡಬಹುದಲ್ಲಲೇ" ಎಂದು ನಗುತ್ತಿದ್ದ.

ದಾರಿ ಹಂಚಿಕೊಳ್ಳುವುದು ಸುಲಭವಿತ್ತು. ಡಾಂಬರು ಇದ್ದ ಮಾನ್ವಿಯವರೆಗಿನ ದಾರಿ ನನಗೆ. ಗಾಲಿ ಹೂಳುವ, ಕಲ್ಲು ಕುಕ್ಕುವ, ಎಲ್ಲಕ್ಕಿಂತ ಕಷ್ಟದ ನಡುವಿನ ದಾರಿ ಹುಲಿಗೆಪ್ಪನಿಗೆ. ಕೊನೆಯದು ಖಾಜಾನಿಗೆ. ಹೀಗೆ ಹಂಚಿ ಕೈತೊಳೆದುಕೊಂಡ ಮೇಲೆ ಹುಲಿಗೆಪ್ಪ ನಿಧಾನವಾಗಿ ಹೇಳಿದ, "ಆ ದಾರಿ ನಮ್ಮೂರಾಗ ಹಾದು ಹೋಗ್ತದ."

ಆ ಊರಿನ ಹೆಸರು ಹೇಳುವುದಿಲ್ಲ. ಆಗ ಅಂಥ ಊರು ಅದೊಂದೇ ಆಗಿರಲಿಲ್ಲ. ಹುಲಿಗೆಪ್ಪನ ಕೇರಿ ಊರ ಹೊರಗೆ, ದೇವದುರ್ಗದ ಕಡೆಯ ಹಳ್ಳದ ಆಚೆ ಇತ್ತು. ಆ ಕೇರಿಯವರು ಊರಬಾಗಿಲಲ್ಲಿ, ಅಂದರೆ ಅಗಸಿಯಲ್ಲಿ, ಸೈಕಲ್ ಇಳಿಯಬೇಕು. ತಲೆಯ ಮೇಲಿನ ಟವೆಲ್ಲು ಹೆಗಲಿಗೆ ಬರಬೇಕು. ಗುಡಿಯ ಮುಂದೆ, ಗೌಡರ ಕಟ್ಟೆಯ ಮುಂದೆ ತಳ್ಳಿಕೊಂಡು ನಡೆದು, ಆಚೆ ತುದಿಯ ಹಳ್ಳ ಬಂದ ಮೇಲೆ ಹತ್ತಬೇಕು. ಯಾರೂ ಬರೆದಿಟ್ಟ ನಿಯಮವಲ್ಲ. ಅಣ್ಣನ ಹಳೆಯ ಸೈಕಲ್ಲಿನಲ್ಲಿ ಮಾನ್ವಿಯ ಹೈಸ್ಕೂಲಿಗೆ ಹೋಗುವಾಗ ಹುಲಿಗೆಪ್ಪ ವರ್ಷಗಟ್ಟಲೆ ಹಾಗೆಯೇ ಮಾಡಿದ್ದ, ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ನಮಗೆ ಅದು ಗೊತ್ತಿರಲಿಲ್ಲ. ಅವನೂ ಅಂದಿನವರೆಗೆ ಹೇಳಿರಲಿಲ್ಲ.

"ಈ ಸಲ ಹತ್ತೇ ಹೋಗಬೇಕಂತ ಮಾಡೀನಿ," ಎಂದ. "ನಮ್ಮವ್ವ ನೋಡ್ಬೇಕು."

"ಹೋಗು ಮತ್ತ," ಎಂದ ಖಾಜಾ.

"ನಾ ಹೋಗಿ ಬಿಡ್ತೀನಿ. ಮರುದಿನ ನಮ್ಮಪ್ಪ ಅವರ ಹೊಲಕ್ಕ ಕೂಲಿಗೆ ಹೋಗ್ಬೇಕಲ್ಲ."

ನಾನು ಬುದ್ಧಿವಂತನಂತೆ ಒಂದು ಉಪಾಯ ಹೇಳಿದೆ. ಮಾನ್ವಿಯಿಂದ ಮುಂದೆ ನಾನು ಸಂಘದ ಜೀಪಿನಲ್ಲಿ ಬರುವವನೇ. ಅಗಸಿಯ ಹತ್ತಿರ ಇಳಿದು ನಿಂತು, ಊರೊಳಗಿನ ಅಷ್ಟು ದಾರಿ ನಾನು ತುಳಿದು, ಹಳ್ಳದ ಹತ್ತಿರ ಅವನಿಗೆ ಕೊಟ್ಟರಾಯಿತು. ಹುಲಿಗೆಪ್ಪ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ನೀ ಹತ್ತಿದ್ರ ಊರು ದಾಟೂದ್ರಾಗ ಹೊತ್ತು ಮುಳುಗತದ," ಎಂದ. ಮಾತು ಅಲ್ಲಿಗೆ ನಿಂತಿತು.

ಪಂದ್ಯದ ಹಿಂದಿನ ದಿನ ಮಧ್ಯಾಹ್ನ ಹುಲಿಗೆಪ್ಪನ ತಂದೆ ದ್ಯಾವಪ್ಪ ಬಸ್ಸು ಹತ್ತಿ ಹಾಸ್ಟೆಲಿಗೆ ಬಂದ. ಕಂಕುಳಲ್ಲಿ ರೊಟ್ಟಿಯ ಗಂಟು, ಅದರೊಳಗೆ ಶೇಂಗಾ ಹಿಂಡಿ. ಗಂಟು ಬಿಚ್ಚುವ ಮೊದಲೇ ಸುದ್ದಿ ಬಿಚ್ಚಿದ. ಗೌಡರು ಕರೆಸಿದ್ದರಂತೆ. ಪಂದ್ಯದಲ್ಲಿ ನಮ್ಮೂರ ಹುಡುಗ ಇದ್ದಾನೆ, ಗೆಲ್ಲುವಂಥವನು ಎಂದು ಅವರ ಕಿವಿಗೆ ಬಿದ್ದಿತ್ತು.

"ನಾಳಿ ಒಂದಿನ ಇಳಿಯೋದು ಬ್ಯಾಡ ಅಂದಾರಪ್ಪಾ. ಊರಿನ ಹೆಸರು ಬರ್ತದಂತ. ಶಲ್ಯ ಹೊದಿಸ್ತಾರಂತ," ಎಂದ. ಅವನ ದನಿಯಲ್ಲಿ ನಡುಕವಿತ್ತು. ನಾನು ಅದನ್ನು ಸಂತೋಷವೆಂದು ತಿಳಿದೆ, ಬಹುಶಃ ಸಂತೋಷವೇ.

"ಚಲೋ, ಬಾತ್ ಖತಂ!" ಎಂದು ಖಾಜಾ ಚಪ್ಪಾಳೆ ಹೊಡೆದ. ಹುಲಿಗೆಪ್ಪ ತಂದೆಗೆ ನೀರು ಕೊಟ್ಟ. ರೊಟ್ಟಿ ಮುರಿದು ನಮಗೂ ಕೊಟ್ಟ. ಹೂಂ ಎನ್ನಲಿಲ್ಲ, ಊಹೂಂ ಎಂದೂ ಹೇಳಲಿಲ್ಲ.

ಬೆಳಗಿನ ನನ್ನ ಸವಾರಿಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಚಳಿ ಇತ್ತು, ಎರಡೂ ಕಡೆ ಬಿಳಿಜೋಳ ನಿಂತಿತ್ತು, ಎದುರು ಗಾಳಿ ಇತ್ತು. ಒಂದು ಎತ್ತಿನ ಬಂಡಿ ಬಹಳ ಹೊತ್ತು ನನ್ನ ಸಮಕ್ಕೆ ಬರುತ್ತಿತ್ತು. ಬಂಡಿಯವನು "ಹಿಂದ ಕಟ್ಟಿಕೊಳ್ಳೇನ್ರಿ?" ಎಂದು ಕೇಳಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಮಾನ್ವಿ ಮುಟ್ಟುವ ಹೊತ್ತಿಗೆ ನಮ್ಮದು ಕೊನೆಯಿಂದ ಎರಡನೆಯ ತಂಡ. ಹುಲಿಗೆಪ್ಪ ಮಾತಾಡದೆ ಪಾನಾ ಹಾಕಿ ಸೀಟು ಏರಿಸಿ, ತಲೆಗೆ ಟವೆಲ್ಲು ಸುತ್ತಿ ಹತ್ತಿದ. ನನ್ನನ್ನು ಸಂಘದವರು ಜೀಪಿನ ಹಿಂದೆ ಎತ್ತಿ ಹಾಕಿದರು. ನಾವು ದಾರಿಯಲ್ಲಿ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಹೋದೆವು. ಎಲ್ಲರಿಗಿಂತ ಮುಂದೆ ಸಿಕ್ಕವನು ಹುಲಿಗೆಪ್ಪನೇ. ಗಾಲಿ ಹೂಳುವ ಕಡೆ ಬಂಡಿಯ ಜಾಡು ಬಿಟ್ಟು, ನಡುವಿನ ಹುಲ್ಲಿನ ಪಟ್ಟಿಯ ಮೇಲೆ ತುಳಿಯುತ್ತಿದ್ದ. ಆ ದಾರಿಯ ಹುಲ್ಲೂ ಅವನಿಗೆ ಗೊತ್ತಿತ್ತು.

ನಮ್ಮ ಜೀಪು ಮೊದಲು ಆ ಊರು ಮುಟ್ಟಿತು. ಮುಂದಿನದನ್ನು ನಾನು ಕಂಡಷ್ಟೇ ಹೇಳುತ್ತೇನೆ.

ಅಗಸಿಯ ಒಳಗೆ ಬೇವಿನ ಮರದ ಕಟ್ಟೆ. ಕಟ್ಟೆಯ ಮೇಲೆ ಗೌಡರು, ಅವರ ತೊಡೆಯ ಮೇಲೆ ಮಡಿಸಿದ ಶಲ್ಯ. ಪಕ್ಕದಲ್ಲಿ ಹಿತ್ತಾಳೆಯ ಕೊಡದಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ. ಊರವರು ದಾರಿಯ ಎರಡೂ ಬದಿ ನಿಂತಿದ್ದರು. ಅಗಸಿಯ ಹೊರಗೆ, ಸ್ವಲ್ಪ ದೂರದಲ್ಲಿ, ಕೇರಿಯವರು ಬಂದು ನಿಂತಿದ್ದರು. ದ್ಯಾವಪ್ಪ ಅಲ್ಲಿದ್ದ. ಅವನ ಪಕ್ಕ ಸೆರಗು ಹೊದ್ದು ನಿಂತವಳು ಹುಲಿಗೆಪ್ಪನ ತಾಯಿ ಎಂದು ನಾನು ಊಹಿಸಿದೆ.

ಧೂಳು ಕಂಡಿತು. "ಬಂದ, ನಮ್ಮ ಹುಲಿಗ್ಯಾ ಬಂದ!" ಎಂದು ಕೂಗಿದವರು ಊರಿನವರೇ. ಹುಲಿಗೆಪ್ಪ ಬಹಳ ವೇಗದಲ್ಲಿ ಬಂದ. ಹಿಂದೆ ಇನ್ನೂ ಯಾರೂ ಕಾಣುತ್ತಿರಲಿಲ್ಲ. ಅಗಸಿಯ ಹಾಸುಗಲ್ಲು ಇನ್ನೇನು ಬಂತು ಎನ್ನುವಾಗ ಅವನ ಬಲಗಾಲು ಸೀಟಿನ ಮೇಲಿಂದ ಈಚೆ ಬಂತು. ಓಡುವ ಸೈಕಲ್ಲಿನಿಂದ ಇಳಿಯುವವರು ಇಡುವ ಹಾಗೆ ಎರಡು ಹೆಜ್ಜೆ ಓಡಿ, ನಿಂತ. ಅದೇ ಹೊತ್ತಿಗೆ ಕೈ ಮೇಲೆ ಹೋಗಿ ತಲೆಯ ಟವೆಲ್ಲನ್ನು ಹೆಗಲಿಗೆ ಎಳೆಯಿತು.

ಗೌಡರು ಕಟ್ಟೆಯಿಂದ ಎದ್ದು ನಿಂತರು.

"ಯಾಕಲೇ ಇಳಿದಿ? ನಿಮ್ಮಪ್ಪ ಹೇಳಿಲ್ಲೇನು? ಹತ್ತು."

ಹುಲಿಗೆಪ್ಪ ಹ್ಯಾಂಡಲ್ ಹಿಡಿದು ನಿಂತಿದ್ದ. ಎದೆ ಏರಿ ಇಳಿಯುತ್ತಿತ್ತು.

"ಹತ್ತಲೇ! ನಾನ ಹೇಳಾಕತ್ತೀನಲ್ಲ!"

"ಹತ್ತಪ್ಪಾ, ಗೌಡ್ರು ಹೂಂ ಅಂದಾರ," ಎಂದು ಹೊರಗಿನಿಂದ ದ್ಯಾವಪ್ಪ ಕೂಗಿದ. ಜೀಪಿನಿಂದ ನಾನೂ "ಹತ್ತೋ!" ಎಂದು ಅರಚಿದೆ. ಹಿಂದೆ ದೂರದಲ್ಲಿ ಇನ್ನೊಂದು ಸೈಕಲ್ಲಿನ ಧೂಳು ಎದ್ದಿತ್ತು.

ಹುಲಿಗೆಪ್ಪ ಸೈಕಲ್ಲನ್ನು ಸೊಂಟಕ್ಕೆ ಒರಗಿಸಿಕೊಂಡ. ಹೆಗಲ ಮೇಲಿನ ಟವೆಲ್ಲು ತೆಗೆದು, ಒಮ್ಮೆ ಝಾಡಿಸಿ, ಎರಡೂ ಕೈಯಿಂದ ತಲೆಗೆ ಸುತ್ತಿ ಬಿಗಿಯಾಗಿ ಕಟ್ಟಿದ. ಅವಸರ ಮಾಡಲಿಲ್ಲ.

"ಇಲ್ರಿ ಗೌಡ್ರ. ನಡೀತೀನ್ರಿ," ಎಂದ.

ನಡೆದ. ತಳ್ಳುವ ಸೈಕಲ್ಲಿನ ಹಿಂದಿನ ಗಾಲಿ ಟಿಕ್ ಟಿಕ್ ಎನ್ನುತ್ತದಲ್ಲ, ಇಡೀ ಊರಿನಲ್ಲಿ ಕೇಳುತ್ತಿದ್ದುದು ಅದೊಂದೇ ಸದ್ದು. ಕಟ್ಟೆಯ ಮುಂದೆ ನಡೆದ, ಗುಡಿಯ ಮುಂದೆ ನಡೆದ. ಎರಡೂ ಬದಿಯ ಜನ, ದಿನಾ ಕಂಡದ್ದನ್ನೇ ಮೊದಲ ಸಲ ಕಾಣುವವರ ಹಾಗೆ ನೋಡುತ್ತಿದ್ದರು. ಹಿಂದಿನ ಸವಾರ ಬಂದ, ಬೆಲ್ ಹೊಡೆದ, ಹುಲಿಗೆಪ್ಪನ ಪಕ್ಕ ಬಂದಾಗ ಕಾಳಜಿಯಿಂದ "ಪಂಚರ್ ಆತೇನು?" ಎಂದು ಕೇಳಿ ಮುಂದೆ ಹೋದ. ಇನ್ನೊಬ್ಬನೂ ಹೋದ. ಗೌಡರು ಕುಳಿತರು. ಶಲ್ಯ ಅವರ ಕೈಯಲ್ಲೇ ಇತ್ತು. ಹಳ್ಳದ ಹತ್ತಿರ ಹುಲಿಗೆಪ್ಪ ಹತ್ತಿದ. ಆಮೇಲೆ ಅವನು ತುಳಿದ ರೀತಿಯನ್ನು ನಾನು ಮತ್ತೆ ಯಾರಲ್ಲೂ ಕಂಡಿಲ್ಲ. ಆದರೆ ಕಳೆದ ಹೊತ್ತು ಕಳೆದೇ ಹೋಗಿತ್ತು.



ನಾವು ಒಟ್ಟಿನಲ್ಲಿ ಎರಡನೆಯವರಾದೆವು. ಗುಲ್ಬರ್ಗಕ್ಕೆ ಬೇರೆಯವರು ಹೋದರು. ಖಾಜಾ ಸಂಜೆ ಕೋಟೆಯ ಬುಡದಲ್ಲಿ ಸೈಕಲ್ ಸುತ್ತ ಸುತ್ತಿ ಪರೀಕ್ಷೆ ಮಾಡಿದ. "ಚೈನು ಕಡಿದಿಲ್ಲ, ಗಾಳಿ ಹೋಗಿಲ್ಲ, ನೀ ಬಿದ್ದಿಲ್ಲ. ಮತ್ತ ಏನಾತು ಭಾಯ್?"

"ನಡಕೊಂತ ಬಂದೆ."

"ಹತ್ತು ಅಂದಿದ್ರಲ್ಲೋ!"

"ಇವತ್ತ ಹತ್ತು ಅಂದವರು ನಾಳಿ ಇಳಿ ಅಂತಾರ. ಒಂದಿನದ ಸವಾರಿ ನನಗ ಬ್ಯಾಡ."

ಹೋಟೆಲಿನಲ್ಲಿ ಚಹಾ ಬಂದ ಮೇಲೆ ಖಾಜಾ, "ಮೊದಲ ಹೇಳಬಾರದಾ? ದೇವದುರ್ಗದಿಂದ ನಾನೂ ನಡಕೊಂತ ಬರ್ತಿದ್ದೆ," ಎಂದ. ಹುಲಿಗೆಪ್ಪ ಆ ದಿನ ನಕ್ಕದ್ದು ಅದೊಂದೇ ಸಲ.

ಊರಿನಲ್ಲಿ ಗೌಡರು ದ್ಯಾವಪ್ಪನನ್ನು ಕರೆಸಿದರಂತೆ. ಮಗ ಮಾತು ಮೀರಿದ ಎಂಬುದು ದೂರು. "ಅವ ಇಳಿದಾನ್ರಿ ಯಪ್ಪಾ, ಹತ್ತಿಲ್ಲಲ್ರಿ. ಪದ್ಧತಿ ಮುರಿದಿಲ್ಲಲ್ರಿ," ಎಂದು ದ್ಯಾವಪ್ಪ ಕೈಮುಗಿದು ನಿಂತನಂತೆ. ಅದಕ್ಕೆ ಏನು ಶಿಕ್ಷೆ ಕೊಡಬೇಕು ಎಂದು ಯಾರಿಗೂ ಹೊಳೆಯಲಿಲ್ಲ. ಮುಂದೆ ಕೆಲವು ವರ್ಷಗಳಲ್ಲಿ ಕೇರಿಯ ಹುಡುಗರು ಇಳಿಯುವುದನ್ನು ಬಿಟ್ಟರು. ಮೊದಲು ಯಾರು ಬಿಟ್ಟರೋ ತಿಳಿಯದು.

ಈ ಸಂಗತಿಯನ್ನು ನಾನು ಹಲವರಿಗೆ ಹೇಳಿದ್ದೇನೆ. ಪ್ರತಿ ಸಲವೂ, ಹುಲಿಗೆಪ್ಪ ಹಿಂದಿನ ದಿನವೇ, ತಂದೆಗೆ ನೀರು ಕೊಡುವಾಗಲೇ, ನಿಶ್ಚಯ ಮಾಡಿದ್ದ ಎಂದು ಹೇಳುತ್ತಿದ್ದೆ. ಕೇಳಿದವರು ತಲೆದೂಗುತ್ತಿದ್ದರು.

ಮೊನ್ನೆ ಭಾನುವಾರ ಹಾಗೆ ಮೆಟ್ಟಿಲ ಬಳಿ ನಿಂತವನಿಗೆ ಹುಲಿಗೆಪ್ಪನನ್ನು ನೋಡಬೇಕೆನಿಸಿತು. ಮರುದಿನ ಮಾನ್ವಿಯ ಬಸ್ಸು ಹತ್ತಿದೆ. ಹುಲಿಗೆಪ್ಪ ಹೆಡ್‌ಮಾಸ್ತರನಾಗಿ ನಿವೃತ್ತನಾಗಿದ್ದಾನೆ. ಮಂಡಾಳು ಒಗ್ಗರಣೆ ತಿನ್ನುತ್ತ ನಾನು ಆ ಕಥೆ ಎತ್ತಿದೆ, ಅದನ್ನು ಬರೆಯುವ ಮನಸ್ಸಿದೆ ಎಂದೆ. ನಿಶ್ಚಯದ ಮಾತು ಬಂದಾಗ ಅವನು ಕೈ ಅಡ್ಡ ಹಿಡಿದ.

"ಎಲ್ಲಿ ನಿಶ್ಚಯನೋ? ಹತ್ತೇ ಹೋಗಾಕ ಬಂದಿದ್ದೆ ನಾನು. ನಮ್ಮವ್ವ ನಿಂತಿದ್ಲು, ಕಂಡಿದ್ದೆ. ಅಗಸಿ ಬಂತು, ಕಾಲು ಇಳೀತು. ನನಗ ಗೊತ್ತಾಗೂದ್ರಾಗ ಕೆಳಗ ನಿಂತಿದ್ದೆ. ಅಷ್ಟು ವರ್ಷ ಇಳಿದೀನಲ್ಲ, ಕಾಲಿಗೆ ರೂಢಿ. ಕೈಯೂ ಟವೆಲ್ ಎಳೀತು."

ನಾನು ಒಗ್ಗರಣೆಯ ತಟ್ಟೆ ಕೆಳಗಿಟ್ಟೆ.

"ಅವರು ಹತ್ತು ಅಂದಾಗ ನನಗ ಸಿಟ್ಟು ಬಂತು. ಅವರ ಮ್ಯಾಲಲ್ಲ. ಈ ಕಾಲಿನ ಮ್ಯಾಲ," ಎಂದು ಮೊಣಕಾಲು ತಟ್ಟಿಕೊಂಡ. "ಇಳಿದದ್ದು ಕಾಲು. ಹತ್ತದೇ ಇದ್ದದ್ದು ನಾನು. ಬರಿಯೂದಿದ್ರ ಎರಡೂ ಬರಿ."