ಸಿಕ್ಕಿದವರು ಫೋನ್ ಮಾಡಿ

ದುಬೈಯ ಸತ್ವಾದಿಂದ ಆ ಭಾನುವಾರ ನಾನು ಸಿಟ್ಟಿನಲ್ಲೇ ಹೊರಟೆ. ಹಿಂದಿನ ಸಂಜೆ ಟೈಲರ್ ಅಂಗಡಿಯಲ್ಲಿ ಕೋಟಿನ ತೋಳು ಹೊಲಿಯುತ್ತಿದ್ದಾಗ ಫೋನ್ ಬಂದಿತ್ತು. "ಸ್ಟೆಲ್ಲಾ ಇದ್ದಾರಾ? ಅವರ ಆಟದ ಡಿಸ್ಕ್ ಸಿಕ್ಕಿದೆ. ಅಬುಧಾಬಿ ಪಾರ್ಕಿನಲ್ಲಿ, ಪೊದೆಯೊಳಗೆ ಬಿದ್ದಿತ್ತು. ಹಿಂದೆ ಈ ನಂಬರ್ ಬರೆದಿದ್ದಾರೆ." ಮಾತು ಮಂಗಳೂರು ಕಡೆಯದು. ಹೆಸರು ಪ್ರಸಾದ್ ಎಂದ. ಸ್ಟೆಲ್ಲಾ ನನ್ನ ಹೆಂಡತಿ, ಮೇ ತಿಂಗಳಲ್ಲಿ ತೀರಿಕೊಂಡಳು ಎಂದು ಹೇಳಿದೆ. ಆತ, "ಹಾಗಾದ್ರೆ ನೀವೇ ಬನ್ನಿ ಮಾರಾಯ್ರೆ" ಎಂದ. ಹೆಂಡತಿ ಹೋದಳು, ಪ್ಲಾಸ್ಟಿಕ್ ತಟ್ಟೆ ಸಿಕ್ಕಿತು. ರಾತ್ರಿಯೆಲ್ಲ ಇದೇ ನನ್ನನ್ನು ಕುದಿಸಿತು.

ಸಿಟಿ ಬಸ್ಸಿನಲ್ಲಿ ಅಲ್ ಘುಬೈಬಾ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಅಬುಧಾಬಿ ಬಸ್ಸು ಹಿಡಿದೆ. ಇಪ್ಪತ್ತೈದು ದಿರ್ಹಮ್, ಸುಮಾರು ಎರಡು ಗಂಟೆಯ ದಾರಿ. ಅವಳು ಅಬುಧಾಬಿಯ ಹೋಟೆಲೊಂದರ ಲಾಂಡ್ರಿಯಲ್ಲಿ, ನಾನು ದುಬೈಯಲ್ಲಿ. ಮದುವೆಯಾದಂದಿನಿಂದ ನಮ್ಮ ಸಂಸಾರ ಈ ಬಸ್ಸಿನಲ್ಲೇ ನಡೆದಿತ್ತು. ಅಂದು ದಟ್ಟ ಮಂಜು. ಹೆದ್ದಾರಿಯ ಗೋಪುರಗಳಿಗೆ ತಲೆಯೇ ಇರಲಿಲ್ಲ. ಚಾಲಕ ಮೆಲ್ಲಗೆ ಓಡಿಸುತ್ತಿದ್ದ. ಮುಂದಿನ ಸೀಟಿನವನು ಕಿಟಕಿಗೆ ಫೋನ್ ಹಿಡಿದು ಮಂಜಿನ ವಿಡಿಯೋ ತೆಗೆದು ಊರಿಗೆ ಕಳಿಸುತ್ತಿದ್ದ. ಅವನ ಮೇಲೂ ಸಿಟ್ಟು ಬಂತು. ಮೇ ತಿಂಗಳಲ್ಲಿ ಇದೇ ದಾರಿಯಲ್ಲಿ ಬಿಸಿಲಿತ್ತು, ಬಸ್ಸು ವೇಗವಾಗಿಯೇ ಓಡಿತ್ತು. ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ಅವಳು ಹೋಗಿ ಅರ್ಧ ಗಂಟೆಯಾಗಿತ್ತು.

ಪಾರ್ಕು ತಲುಪಿದಾಗ ಮಂಜು ಕರಗುತ್ತಿತ್ತು. ಹುಲ್ಲು ಒದ್ದೆ, ಗಾಳಿ ತಂಪು. ಕಂಬಗಳ ಮೇಲೆ ಕಬ್ಬಿಣದ ಬುಟ್ಟಿ, ಅದರ ಮೇಲೆ ಇಳಿಬಿದ್ದ ಸರಪಳಿಗಳು. ಸ್ಟೆಲ್ಲಾ ರಜೆಯ ದಿನ ಆಡುತ್ತಿದ್ದ ಆಟ ಇದೇ. ಡಿಸ್ಕನ್ನು ಎಸೆದು ಸರಪಳಿಗೆ ತಾಗಿಸಿ ಬುಟ್ಟಿಗೆ ಬೀಳಿಸಬೇಕು. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದರು. ಒಟ್ಟು ಆರೇ ಬುಟ್ಟಿ. ಚಳಿಗಾಲಕ್ಕೆ ನೆಡುತ್ತಾರೆ, ಬಿಸಿಲು ಏರಿದಾಗ ಕಿತ್ತೊಯ್ಯುತ್ತಾರೆ.

ಪ್ರಸಾದ್ ಕೈಬೀಸಿ ಕರೆದ. ಟೋಪಿ ಹಾಕಿದ ದಪ್ಪ ಆಸಾಮಿ. ಅವನ ಪಕ್ಕದಲ್ಲಿ ಲವೀನಾ ನಿಂತಿದ್ದಳು. ಸ್ಟೆಲ್ಲಾಳ ಜೊತೆ ಒಂದೇ ಲಾಂಡ್ರಿಯಲ್ಲಿ ಕೆಲಸ ಮಾಡಿದವಳು, ಒಂದೇ ಕೋಣೆಯಲ್ಲಿ ಇದ್ದವಳು. ಮೇ ತಿಂಗಳಲ್ಲಿ ನನಗೆ ಫೋನ್ ಮಾಡಿದವಳೂ ಅವಳೇ. ಬರುತ್ತೇನೆ ಎಂದು ಹಿಂದಿನ ರಾತ್ರಿ ಅವಳಿಗೆ ತಿಳಿಸಿದ್ದೆ. "ಫೆಲಿಕ್ಸ್ ಬಾಬ್, ಎಷ್ಟು ಬಡಕಲಾಗಿದ್ದೀರಿ!" ಎಂದು ಕಣ್ಣೊರೆಸಿಕೊಂಡಳು. ನಮ್ಮ ಕೊಂಕಣಿಯಲ್ಲಿ ಗಂಡಸರನ್ನು ಗೌರವದಿಂದ ಬಾಬ್ ಎನ್ನುತ್ತೇವೆ.

ಪ್ರಸಾದ್ ಡಿಸ್ಕ್ ಕೊಟ್ಟ. ಕಿತ್ತಳೆ ಬಣ್ಣ, ಅಂಚಿನಲ್ಲಿ ತರಚು. ಹಿಂದೆ ಅವಳ ದುಂಡು ಅಕ್ಷರದಲ್ಲಿ ಹೆಸರು, ನನ್ನ ನಂಬರು, ಕೆಳಗೆ ಕನ್ನಡದಲ್ಲಿ 'ಸಿಕ್ಕಿದವರು ಫೋನ್ ಮಾಡಿ'.

"ಈ ಊರಲ್ಲಿ ಇದನ್ನು ಕನ್ನಡದಲ್ಲಿ ಬರೆದಿದ್ದಾರಲ್ಲ, ಯಾರು ಓದ್ಬೇಕು ಅಂತ?" ಪ್ರಸಾದ್ ನಕ್ಕ. "ಕಡೆಗೆ ನನ್ನ ಕೈಗೇ ಸಿಕ್ಕಿತು ನೋಡಿ."

"ಒಂದು ರೌಂಡ್ ಆಡಿ ಬಾಬ್," ಎಂದಳು ಲವೀನಾ. "ಅವಳಿಗೆ ಖುಷಿ ಆಗ್ತದೆ."

ಸತ್ತವರಿಗೆ ಏನು ಖುಷಿಯಾಗುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೂ ಡಿಸ್ಕ್ ಕೈಬಿಡಲು ಮನಸ್ಸಾಗದೆ ಆಡಿದೆ. ಮೊದಲ ಎಸೆತ ಖರ್ಜೂರದ ಮರಕ್ಕೆ ಬಡಿಯಿತು. "ಬಟ್ಟೆ ಜಾಡಿಸಿದ ಹಾಗೆ ಎಸೀಬೇಡಿ ಮಾರಾಯ್ರೆ, ಮಣಿಕಟ್ಟು ತಿರುಗಿಸಿ," ಎಂದ ಪ್ರಸಾದ್. ಎರಡನೆಯ ಬುಟ್ಟಿಗೆ ಐದು ಎಸೆತ ಬೇಕಾಯಿತು. ಮೂರನೆಯದರಲ್ಲಿ ಸಿಟ್ಟಿನಿಂದ ಬೀಸಿದ್ದು ನೇರ ಹೋಗಿ ಸರಪಳಿ ಝಲ್ಲೆಂದಿತು. ಇಬ್ಬರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನಗೆ ಬೇಕಿರಲಿಲ್ಲ.

ನಾಲ್ಕನೆಯ ಬುಟ್ಟಿಯ ಹತ್ತಿರ ಪ್ರಸಾದ್ ಪೊದೆ ತೋರಿಸಿದ. "ಇಲ್ಲೇ ಸಿಕ್ಕಿದ್ದು. ಎತ್ತಿದ ಕೂಡಲೇ ಫೋನ್ ಮಾಡಿದೆ. ನಮ್ಮ ಆಟದಲ್ಲಿ ಅದು ಕ್ರಮ. ಕಳಕೊಂಡವರನ್ನು ಕಾಯಿಸ್ಬಾರ್ದು."

ಲವೀನಾ ಮೂಗೊರೆಸಿಕೊಂಡಳು. "ಅವತ್ತೂ ಪಾಪ ಅದನ್ನೇ ಹೇಳ್ತಿದ್ದಳು. ಫೆಲಿಕ್ಸ್‌ಗೆ ಫೋನ್ ಮಾಡು, ಫೆಲಿಕ್ಸ್‌ಗೆ ಫೋನ್ ಮಾಡು ಅಂತ."

"ಯಾವಾಗ?"

"ಬೆಳಿಗ್ಗೆ ಹನ್ನೊಂದಕ್ಕೆ. ಮೆಟ್ಟಿಲಲ್ಲಿ ಬಿದ್ದ ಮೇಲೆ."

ಸ್ಟೆಲ್ಲಾ ಮಧ್ಯಾಹ್ನ ಬಿದ್ದಳು, ಬಿದ್ದವಳಿಗೆ ಮಾತೇ ಇರಲಿಲ್ಲ ಎಂದು ಇಷ್ಟು ದಿನ ನಂಬಿದ್ದೆ. "ನೀವು ನನಗೆ ಫೋನ್ ಮಾಡಿದ್ದು ಎರಡು ಗಂಟೆಗೆ," ಎಂದೆ.

"ಊಟದ ಹೊತ್ತಲ್ವಾ ಬಾಬ್. ಸುದ್ದಿ ಕೇಳಿದ್ರೆ ನೀವು ಅನ್ನ ಮುಟ್ತಿದ್ರಾ? ಹಸಿದ ಹೊಟ್ಟೆಯಲ್ಲಿ ಅಷ್ಟು ದೂರ ಬರೋದು ಬೇಡ ಅಂತ ನಾನೇ ಎಲ್ಲರಿಗೂ ಹೇಳಿದೆ. ನಮ್ಮಲ್ಲಿ ಹಾಗೆಯೇ ಅಲ್ವಾ?"

ನಮ್ಮಲ್ಲಿ ಹಾಗೆಯೇ. ಅಂದು ಫೋನಿನಲ್ಲಿ ಊಟ ಆಯ್ತಾ ಎಂದು ಲವೀನಾ ಮೊದಲು ಕೇಳಿದ್ದಳು. ಆಯ್ತು ಎಂದಿದ್ದೆ. ಬಂಗುಡೆ ಸಾರು ಎಂದೂ ಹೇಳಿದ್ದೆ. ಆಮೇಲಷ್ಟೇ ಸುದ್ದಿ ಹೇಳಿದಳು.

"ಸ್ಟೆಲ್ಲಾ ಎಷ್ಟು ಹೊತ್ತು ಕೇಳಿದಳು?"

"ಹನ್ನೆರಡರವರೆಗೆ ಮಾತಿತ್ತು. ಬಂದರಾ, ಬಂದರಾ ಅಂತ..." ಎಂದವಳು ನನ್ನ ಮುಖ ನೋಡಿ ನಿಲ್ಲಿಸಿದಳು.

"ಒಂದು ತಟ್ಟೆಗೆ ಕೂಡಲೇ ಫೋನ್ ಬಂತು," ಎಂದೆ. "ಅದೇ ನಂಬರು. ನಿಮ್ಮ ಹತ್ತಿರವೂ ಇತ್ತು." ಇನ್ನೂ ಏನೇನೋ ಹೇಳಿದೆ, ಜೋರಾಗಿಯೇ. ಪಕ್ಕದ ಹುಲ್ಲಿನಲ್ಲಿ ಚಾಪೆ ಹಾಸಿ ಕೂತಿದ್ದ ಕುಟುಂಬ ತಿರುಗಿ ನೋಡಿತು. ಲವೀನಾ ಅತ್ತಳು. ಆ ಅಳುವಿಗೆ ನನ್ನಲ್ಲಿ ಕನಿಕರ ಹುಟ್ಟಲಿಲ್ಲ. ಪ್ರಸಾದ್ ನನ್ನ ತೋಳು ಹಿಡಿದು, "ಖಲಾಸ್ ಮಾರಾಯ್ರೆ, ಬಿಡಿ. ಬನ್ನಿ, ಊಟ ಮಾಡಿ ಹೋಗಿ" ಎಂದ. ಮತ್ತೆ ಅದೇ ಊಟ. ಕೈ ಬಿಡಿಸಿಕೊಂಡೆ. ಉಳಿದೆರಡು ಬುಟ್ಟಿ ಆಡಲಿಲ್ಲ.

ಹಿಂದಿರುಗುವಾಗ ಮಂಜಿರಲಿಲ್ಲ. ಡಿಸ್ಕನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಇಟ್ಟುಕೊಂಡಿದ್ದೆ. ಬೆಳಗಿನಿಂದ ಬರೀ ಒಂದು ಚಹಾ. ಅರ್ಧ ದಾರಿಯಲ್ಲಿ ಲವೀನಾಳ ಫೋನ್ ಬಂತು.

"ಬಾಬ್, ತಲುಪಿದ್ರಾ? ಊಟ ಆಯ್ತಾ?"

"ಇಲ್ಲ," ಎಂದೆ. "ಹೇಳುವುದು ಏನಾದರೂ ಇದ್ದರೆ ಈಗಲೇ ಹೇಳಿ."

"ಏನಿಲ್ಲ ಬಾಬ್, ಊಟ ಮಾಡಿ," ಎಂದು ಫೋನ್ ಇಟ್ಟಳು. ಬಸ್ಸು ವೇಗವಾಗಿ ಓಡುತ್ತಿತ್ತು, ದಾರಿ ಖಾಲಿ ಇತ್ತು. ಸರಿಯಾಗಿ ಎರಡು ಗಂಟೆಯಲ್ಲಿ ದುಬೈ ತಲುಪಿದೆ.