ರಸ್ತೆ ಬದಿಯ ಗದ್ದೆಯಲ್ಲಿ ಮದುವೆ ಮಾಡಿಸಿದವಳು

ಮಾವ್ಶಿಯ ಬಲಗೈ ಎಡಗೈಗಿಂತ ಕಪ್ಪಾಗಿತ್ತು. ವರ್ಷಗಟ್ಟಲೆ ಜೀಪಿನ ಕಿಟಕಿಯ ಮೇಲೆ ಮೊಣಕೈ ಊರಿ ಬಿಸಿಲಲ್ಲಿ ಓಡಿಸಿದ್ದರ ಗುರುತು. ಕರ್ನಾಟಕದ ಗಡಿಗೆ ತಾಗಿದ ಕೇರಳದ ವರ್ಕಾಡಿಯಿಂದ ಮಂಜೇಶ್ವರಕ್ಕೆ ಬಾಡಿಗೆ ಜೀಪು ಓಡಿಸುತ್ತಿದ್ದ ಹೆಂಗಸು ಅವಳೊಬ್ಬಳೇ. ನನ್ನ ಅಮ್ಮನ ಅಕ್ಕ, ಮದುವೆಯಾಗದವಳು. ಯಾರಾದರೂ ಇದಾಗುವುದಿಲ್ಲ, ಅಲ್ಲಿಗೆ ಹೋಗಬಾರದು ಎಂದರೆ ಅವಳದು ಒಂದೇ ಪ್ರಶ್ನೆ: "ಎಂತ, ಹುಲಿ ಉಂಟಾ ಅಲ್ಲಿ?"

ನಾನು ಕೊಂಕಣಿ ಮಾತಾಡುವ ಕ್ರೈಸ್ತರ ಮನೆಯವಳು, ನಾನು ಮೆಚ್ಚಿದವನು ಬ್ಯಾರಿ ಮುಸ್ಲಿಮರ ಹುಡುಗ. ಒಂದೇ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೆವು. ಇಬ್ಬರೂ ಮತ ಬದಲಾಯಿಸುವುದಿಲ್ಲ, ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿ ಊಟ ಹಾಕಿಸುತ್ತೇವೆ ಎಂದಾಗ ಅಪ್ಪ ಮಾತು ಬಿಟ್ಟರು. ಮಾವ್ಶಿ ಮಾತ್ರ ಜೀಪಿನ ಬಾಗಿಲು ತೆಗೆದಳು. "ಹತ್ತಿ. ಮದುವೆ ಹಾಲ್ ನೋಡುವ."

ಮೊದಲು ಹೋದ ಹಾಲಿನ ಮ್ಯಾನೇಜರು ಬಹಳ ಒಳ್ಳೆಯವರು. ಕುರ್ಚಿ, ಪಾರ್ಕಿಂಗ್, ಅಡುಗೆಮನೆ ಎಲ್ಲ ತೋರಿಸಿದರು. ಬಾಗಿಲ ಬೋರ್ಡಿಗೆ ಹೂವಲ್ಲಿ ಬರೆಸಲು ಹೆಸರು ಕೇಳಿದರು. ನಾವು ಹೇಳಿದೆವು. ಅವರ ನಗು ನಿಂತಿತು.

"ಆ ದಿನ ಬೇರೆಯವರು ಕೇಳಿದ ಹಾಗೆ ನೆನಪು."

"ಹಾಗಾದ್ರೆ ಯಾವ ದಿನ ಖಾಲಿ ಉಂಟು?" ಎಂದಳು ಮಾವ್ಶಿ.

"ಸದ್ಯಕ್ಕೆ ಯಾವುದೂ ಇಲ್ಲ ಅಮ್ಮ. ತೊಂದರೆ ಆಗ್ತದೆ."

"ಯಾರಿಗೆ?"

ಅವರು ಬುಕಿಂಗ್ ಪುಸ್ತಕ ಮುಚ್ಚಿದರು. ಮಾವ್ಶಿ ಕುರ್ಚಿ ಎಳೆದು ಕೂತಳು. "ಅವಸರ ಇಲ್ಲ. ಆಲೋಚನೆ ಮಾಡಿ ಹೇಳಿ." ಅವಳನ್ನು ಎಬ್ಬಿಸಿ ಕರೆತರಲು ನನಗೆ ಸಾಕೋ ಸಾಕಾಯಿತು.

ಮುಂದಿನ ಹಾಲುಗಳಲ್ಲೂ ಅದೇ ಕತೆ. ಕಡೆಗೊಮ್ಮೆ ಅವನು ಸೋತ ದನಿಯಲ್ಲಿ, "ಮಂಗಳೂರಲ್ಲಿ ಸಣ್ಣ ಹೋಟೆಲ್ ನೋಡುವ ಮಾವ್ಶಿ. ಅಲ್ಲಿ ನಮ್ಮ ಗುರ್ತ ಯಾರಿಗೂ ಇಲ್ಲ" ಎಂದ. ನನಗೂ ಸಾಕಾಗಿತ್ತು, ತಲೆಯಾಡಿಸಿದೆ. ಮಾವ್ಶಿ ರಸ್ತೆ ಬದಿಗೆ ಜೀಪು ನಿಲ್ಲಿಸಿ ನಮ್ಮತ್ತ ತಿರುಗಿದಳು.

"ನೀವು ಎಂತ ಕದ್ದದ್ದು? ಗಡಿ ದಾಟಿ ಓಡ್ಲಿಕ್ಕೆ?"

ಅವಳಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಸಿಟ್ಟು ನಮ್ಮ ಮೇಲಾಗಿತ್ತು.

ಬಸ್ಸು ಓಡಾಡುವ ರಸ್ತೆಗೆ ತಾಗಿದಂತೆ ಅವಳದೊಂದು ಗದ್ದೆಯಿತ್ತು. ಕೊಯ್ಲು ಮುಗಿದಿತ್ತು. ಮರುದಿನವೇ ಕೂಳೆ ಕೀಳಿಸಿ ನೆಲ ಸಮ ಮಾಡಿಸತೊಡಗಿದಳು. ವಿಷಯ ತಿಳಿದು ಅವಳ ತಮ್ಮ, ನನ್ನ ಮಾಮ, ಓಡಿ ಬಂದರು.

"ಮಾಡುವುದಾದ್ರೆ ಮನೆಯೊಳಗೆ ಮಾಡು ಅಕ್ಕ, ರಸ್ತೆ ಬದಿ ಬೇಡ. ಯಾರು ಬರ್ತಾರೆ?"

"ಬರುವವರು ಬಂದು ಉಣ್ಲಿ. ಬಾರದವರಿಗೆ ಬಸ್ಸಿಂದ ಕಾಣ್ತದೆ."

ಮದುವೆಯ ದಿನ ಚಪ್ಪರದಲ್ಲಿ ಅರ್ಧಕ್ಕರ್ಧ ಕುರ್ಚಿ ಖಾಲಿ. ಅವನ ಉಮ್ಮ ಬಂದು ನನ್ನ ಕೈ ಹಿಡಿದು ಕೂತರು. ನನ್ನ ಅಮ್ಮ ಒಬ್ಬಳೇ ಗದ್ದೆಯ ಬದುವಿನ ಮೇಲೆ ನಡೆದು ಬಂದಳು, ಅಪ್ಪ ಬರಲಿಲ್ಲ. ಬಡಿಸಲು ಶುರುಮಾಡುವ ಹೊತ್ತಿಗೆ ಮಂಜೇಶ್ವರದ ಬಸ್ಸು ಬಂತು. ಕಿಟಕಿಗಳಲ್ಲೆಲ್ಲ ಮುಖಗಳು. ಮಾವ್ಶಿ ಬಡಿಸುವ ಸೌಟು ಹಿಡಿದುಕೊಂಡೇ ರಸ್ತೆಗೆ ಹೋಗಿ ಬಸ್ಸಿಗೆ ಅಡ್ಡ ನಿಂತಳು.

"ನೋಡಿದ್ದು ಸಾಕು ಮಾರಾಯ್ರೆ, ಇಳೀರಿ! ಮದುವೆ ಊಟ ಉಂಟು!"

ಬಸ್ಸಿನೊಳಗೆ ನಗು ಎದ್ದಿತು. ಆಮೇಲೆ ಒಬ್ಬ ಮುದುಕಿ ಇಳಿದಳು. ಅವಳ ಹಿಂದೆ ಬೀಡಿ ಕಟ್ಟುವ ಹೆಂಗಸರ ಒಂದು ಗುಂಪೇ ಇಳಿಯಿತು. ಗುರುತು ಪರಿಚಯ ಇಲ್ಲದ ಅವರು ನಮ್ಮ ತಲೆ ಮುಟ್ಟಿ ಹರಸಿ, ಉಂಡು, ಮುಂದಿನ ಬಸ್ಸು ಹಿಡಿದರು.

ಹೋದ ಮಳೆಗಾಲದಲ್ಲಿ ಮಾವ್ಶಿ ತೀರಿಕೊಂಡಳು. ಎದೆನೋವು ಎಂದವಳು ಆಸ್ಪತ್ರೆ ತಲುಪಲಿಲ್ಲ. ಶವಪೆಟ್ಟಿಗೆ ಅಂಗಳದಿಂದ ಹೊರಡುವಾಗ ನನ್ನ ಗಂಡ ಮುಂದಿನ ಹಿಡಿಗೆ ಕೈ ಹಾಕಿದ. ಮಾಮ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಪಾದ್ರಿಗಳು ಇದ್ದಾರೆ, ಊರಿನವರೆಲ್ಲ ಇದ್ದಾರೆ. ನೀವಿಬ್ರು ಸ್ವಲ್ಪ ಹಿಂದೆ ಬನ್ನಿ" ಎಂದರು.

ನಾನು ಇನ್ನೊಂದು ಬದಿಯ ಹಿಡಿ ಹಿಡಿದೆ. ಭಾರವಿತ್ತು, ಮಳೆಗೆ ಕೈ ಜಾರುತ್ತಿತ್ತು. ಇಗರ್ಜಿಯ ಬಾಗಿಲು ಮುಟ್ಟುವವರೆಗೂ ನಾವಿಬ್ಬರು ಮುಂದೆಯೇ ನಡೆದೆವು.