ಖಾಲಿ ಉಳಿದ ವಿಯೆಟ್ನಾಂ ಸಾಲು

ಹಿಂದೂಪುರದಲ್ಲಿ ನನ್ನ ಸೊಸೆ ವಿದೇಶ ಪ್ರವಾಸಕ್ಕೆ ಜನರನ್ನು ಕಳಿಸುವ ಆಫೀಸು ನಡೆಸುತ್ತಾಳೆ. ಬೆಳಿಗ್ಗೆ ಒಂಬತ್ತಕ್ಕೆ ಬೀಗ ತೆಗೆಯುವುದು ನನ್ನ ಕೆಲಸ. ಡ್ರಿಲ್ ಮೇಷ್ಟರಾಗಿದ್ದವನಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಗೋಡೆಗೆ ರಟ್ಟು ಹೊಡೆದು, ದೇಶಕ್ಕೊಂದು ಸಾಲು ಎಳೆದು, ಹೋದವರಿಗೆ ತಲಾ ಒಂದು ಚೀಟಿ ಅಂಟಿಸುತ್ತಾ ಬಂದೆ. ಮೊದಲು ಸಿಂಗಪುರ ಮುಂದಿತ್ತು. ಆಮೇಲೆ ದುಬೈ ಅದನ್ನು ಹಿಂದೆ ಹಾಕಿತು. ಈಗ ಅರ್ಧಕ್ಕರ್ಧ ಚೀಟಿಗಳು ಥಾಯ್ಲೆಂಡಿನವು. ವಿಯೆಟ್ನಾಂ ಸಾಲು ಮಾತ್ರ ಖಾಲಿ.

"ಬೆಂಗಳೂರಿನವರು ಈಗ ಅಲ್ಲಿಗೇ ಹೋಗ್ತಿದ್ದಾರೆ ಮಾವ. ನಮ್ಮವರು ಪಕ್ಕದ ಮನೆಯವರು ಹೋಗಿಬಂದ ಕಡೆಗೇ ಹೋಗೋದು," ಎನ್ನುತ್ತಿದ್ದಳು ಸೊಸೆ.

ಆ ಖಾಲಿ ಸಾಲಿನ ಮೇಲೆ ಆಸೆ ಇಟ್ಟಿದ್ದವಳು ಕಲ್ಯಾಣದುರ್ಗದ ನನ್ನ ತಂಗಿ. ಸಮುದ್ರದ ನಡುವೆ ಎದ್ದುನಿಂತ ಅಲ್ಲಿನ ಬೆಟ್ಟಗಳನ್ನು ಫೋನಿನಲ್ಲಿ ನೋಡಿದ್ದೇ ಪಾಸ್‌ಪೋರ್ಟು ಮಾಡಿಸಿಟ್ಟಿದ್ದಳು. ಎರಡು ವರ್ಷವಾದರೂ ಅದಕ್ಕೆ ಒಂದೂ ಮುದ್ರೆ ಬಿದ್ದಿರಲಿಲ್ಲ. ಶನಿವಾರದೊಳಗೆ ಹತ್ತು ಜನ ಸೇರದಿದ್ದರೆ ಈ ಸಲದ ಪ್ರವಾಸವೂ ರದ್ದು.

ಶುಕ್ರವಾರ ಮೊದಲ ಬಸ್ಸಿಗೆ ಹೋದೆ. ತಂಗಿಯ ಜಗಲಿಯ ಮೇಲೆ ಅವಳ ಬೀದಿಯ ಎಂಟು ಹೆಂಗಸರು ಕೂತಿದ್ದರು. ಎಲ್ಲರ ಹತ್ತಿರ ಪಾಸ್‌ಪೋರ್ಟು ಇತ್ತು, ಎಲ್ಲರಿಗೂ ಆಸೆ ಇತ್ತು. ಮೊದಲು ಹೆಸರು ಬರೆಸುವವರು ಮಾತ್ರ ಇಲ್ಲ.

"ಅಕ್ಕ ಬಂದ್ರೆ ನಾನೂ ಬತ್ತೀನಿ."

"ನೀನ್ ಬರೆಸಮ್ಮ, ನಿನ್ ಹಿಂದೆ ನಾನು."

"ಅಲ್ಲಿ ಊಟಕ್ಕೇನ್ ಗತಿ?"

"ಹುರಿಹಿಟ್ಟು ಕಟ್ಕಂಡ್ ಹೋಗಾನ ಕಣಮ್ಮ. ನಿಂಗೊಬ್ಬಳಿಗೇ ಎಲ್ಡು ಚೀಲ."

ನಾನು ಹಾಳೆ ತೆಗೆದು, ಯಾರು ಯಾರಿಗಾಗಿ ಕಾಯುತ್ತಿದ್ದಾರೆಂದು ಬಾಣ ಎಳೆಯುತ್ತಾ ಹೋದೆ. ಎಂಟೂ ಬಾಣಗಳು ಸುತ್ತಿ ಬಳಸಿ ತಂಗಿಯ ಹತ್ತಿರ ಬಂದು ನಿಂತವು.

"ನೀನು ಯಾರಿಗೆ ಕಾಯ್ತಿದ್ದೀಯಮ್ಮ?" ಎಂದೆ.

ಅವಳು ಲೋಟ ಒರೆಸುತ್ತಾ, "ನೀನ್ ಬಂದ್ರೆ ಬತ್ತೀನಣ್ಣ," ಎಂದಳು. "ಆದ್ರೆ ನಿಂಗೆ ಹನ್ನೆರಡೂವರೆಗೆ ಮುದ್ದೆ, ಒಂದಕ್ಕೆ ನಿದ್ದೆ. ನೀನೆಲ್ಲಿ ಬತ್ತೀಯಾ ಅಂತ ಕೇಳ್ಲೇ ಇಲ್ಲ."

ಹೆಂಗಸರೆಲ್ಲ ನಕ್ಕರು. ಆ ಸಾಲು ಯಾಕೆ ತುಂಬುತ್ತಿಲ್ಲವೆಂದು ದಿನಾ ಗೋಡೆಯ ಮುಂದೆ ನಿಂತು ಯೋಚಿಸುತ್ತಿದ್ದವನು ನಾನು. ಸೊಸೆ ಮಾಡಿಸಿಕೊಟ್ಟ ನನ್ನ ಪಾಸ್‌ಪೋರ್ಟು ಬೀರುವಿನಲ್ಲೇ ಇತ್ತು.

ಅವಳಿಗೆ ಫೋನ್ ಮಾಡಿದೆ. "ಅಲ್ಲಿ ಹನ್ನೆರಡೂವರೆ ಅಂದ್ರೆ ನಮಗೆ ಎಷ್ಟು ಗಂಟೆ?"

"ಹನ್ನೊಂದು. ಯಾಕೆ ಮಾವ?"

"ಒಂದೂವರೆ ಗಂಟೆ ತಾನೇ, ಹೊಂದಿಸ್ಕೋಬಹುದು. ಮೊದಲು ನನ್ನ ಹೆಸರು ಬರ್ಕೋ."

ಕಾಫಿ ಆರುವಷ್ಟರಲ್ಲಿ ಉಳಿದ ಒಂಬತ್ತೂ ಹೆಸರುಗಳು ಬಂದವು, ವಿಸಿಲ್ ಊದಿದಾಗ ಮಕ್ಕಳು ಸಾಲಿಗೆ ಬಂದಹಾಗೆ. ಬಸ್ಸು ಹತ್ತಿಸಲು ಬಂದ ತಂಗಿ ಕಿಟಕಿಯ ಹತ್ತಿರ ನಿಂತು ಹೇಳಿದಳು: "ದೋಣೀಲಿ ಕುಂತು ಮುದ್ದೆ ಎಲ್ಲಿ ಅಂದ್ರೆ ನೀರಿಗೆ ತಳ್ಬುಡ್ತೀನಿ ಕಣಣ್ಣ."